ರಕ್ತದಲ್ಲೇ ಇದೆ, ಡಂಬೆಲ್ ಯಾಕೆ?

ಕೊಡಗಿನಲ್ಲಿ ಜಿಮ್ ಇಟ್ಟವರಿಗೆ ಇರುವ ತೊಂದರೆ ಒಂದೇ: ಇಲ್ಲಿ ಹೊಸಬರು ಸಿಗುವುದಿಲ್ಲ. ಹಣ ಕಟ್ಟುವವರು ಸಿಗುತ್ತಾರೆ, ಬಣ್ಣಬಣ್ಣದ ಶೂ ಕೊಳ್ಳುವವರು ಸಿಗುತ್ತಾರೆ, ನಾಲ್ಕನೇ ದಿನ ಸೊಂಟ ಹಿಡಿದುಕೊಂಡು ಮೂಳೆ ಡಾಕ್ಟರ ಬಾಗಿಲಲ್ಲಿ ಟೋಕನ್ ಕಾಯುವವರು ಧಾರಾಳವಾಗಿ ಸಿಗುತ್ತಾರೆ. ‘ನನಗೇನೂ ಬರಲ್ಲ, ಮೊದಲಿಂದ ಹೇಳಿಕೊಡಪ್ಪ’ ಎನ್ನುವ ಗಂಡಸು ಮಾತ್ರ ಕುಶಾಲನಗರದಿಂದ ಕುಟ್ಟದವರೆಗೆ ಜಾಲಾಡಿದರೂ ಇಲ್ಲ.

ಸೇರುವಾಗ ತುಂಬುವ ಅರ್ಜಿಯಲ್ಲಿ ‘ಹಿಂದಿನ ಅನುಭವ’ ಎಂದೊಂದು ಕಾಲಂ ಇರುತ್ತದೆ. ಬಯಲುಸೀಮೆಯವನು ಅಲ್ಲಿ ಒಂದು ಗೀಟು ಎಳೆದು ಸಹಿ ಹಾಕುತ್ತಾನೆ. ನಮ್ಮವರಿಗೆ ಜಾಗ ಸಾಲುವುದಿಲ್ಲ, ಹಾಳೆ ತಿರುಗಿಸಿ ಬರೆಯುತ್ತಾರೆ. ದೊಡ್ಡಪ್ಪ ಸುಬೇದಾರ್ ಮೇಜರ್ ಆಗಿ ನಿವೃತ್ತಿ. ಸೋದರಮಾವ ಪಲ್ಟನ್ನಿನಲ್ಲಿ ಬಾಕ್ಸಿಂಗ್. ಮುತ್ತಜ್ಜನಿಗೆ ನರಿಮಂಗಲ ಆಗಿತ್ತು. ಹುಲಿ ಹೊಡೆದವನನ್ನು ಮದುಮಗನ ಥರ ಕೂರಿಸಿ ಮಾಡುತ್ತಿದ್ದ ಮರ್ಯಾದೆ ಅದು, ಫೋಟೊ ಐನ್‌ಮನೆಯ ಗೋಡೆ ಮೇಲಿದೆ, ಬೇಕಾದರೆ ಬಂದು ನೋಡಬಹುದು. ಸ್ವಂತದ್ದು: ಹೈಸ್ಕೂಲಿನಲ್ಲಿ ರೈಟ್ ಔಟ್. ಈಗಿನ ತೂಕ ತೊಂಬತ್ತಮೂರು. ಈಗಿನ ವ್ಯಾಯಾಮ: ರಿಮೋಟ್ ಸಿಗದಿದ್ದಾಗ ಎದ್ದು ಹುಡುಕುವುದು. ಕೊನೆಯ ಸಾಲನ್ನು ಅವರು ಬರೆಯುವುದಿಲ್ಲ, ಮನೆಯವರು ಆಮೇಲೆ ಫೋನಿನಲ್ಲಿ ತಿಳಿಸುತ್ತಾರೆ.

ತರಬೇತುದಾರ ಪಿರಿಯಾಪಟ್ಟಣದ ಕಡೆಯ ಹುಡುಗ. ಅಪ್ಪ ಹೊಗೆಸೊಪ್ಪು ಬೆಳೆಯುತ್ತಾರೆ. ವಂಶದಲ್ಲಿ ಜನರಲ್ ಹೋಗಲಿ, ಒಬ್ಬ ಎನ್‌ಸಿಸಿ ಕೆಡೆಟ್ಟೂ ಇಲ್ಲ. ಅವನು ಬಂದವರ ಕೈಗೆ ಎರಡೂವರೆ ಕೆಜಿಯ ಡಂಬೆಲ್ ಜೋಡಿ ಕೊಟ್ಟು, “ಇವತ್ತಿಗೆ ಇಷ್ಟು ಸಾಕು ಸರ್” ಅನ್ನುತ್ತಾನೆ. ಆ ಗಳಿಗೆಯಲ್ಲಿ ಕನ್ನಡಿಯ ಮುಂದೆ ಆಗುವ ಅವಮಾನ ಏನೆಂದು ತಿಳಿಯಬೇಕಾದರೆ ಜಿಲ್ಲೆಯ ಚರಿತ್ರೆಯನ್ನೇ ಬಿಚ್ಚಬೇಕು. 1949ರ ಜನವರಿ 15ರಂದು ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದರು. ಆ ದಿನವನ್ನು ದೇಶ ಇಂದಿಗೂ ಸೇನಾ ದಿನವೆಂದು ಆಚರಿಸುತ್ತದೆ. ಅದಕ್ಕೆ ಎರಡೂವರೆ ತಿಂಗಳು ಮುಂಚೆ, 1948ರ ನವೆಂಬರಿನಲ್ಲಿ, ತಿಮ್ಮಯ್ಯನವರ ಡಿವಿಜನ್ನು ಮೂರೂವರೆ ಸಾವಿರ ಮೀಟರ್ ಎತ್ತರದ ಜೊಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿತ್ತು. ಮಡಿಕೇರಿಯಲ್ಲಿ ಅವರ ಮನೆ ‘ಸನ್ನಿ ಸೈಡ್’ ಈಗ ಮ್ಯೂಸಿಯಂ. ಮಂಜುಗಡ್ಡೆಯ ಮೇಲೆ ಟ್ಯಾಂಕ್ ಹತ್ತಿಸಿದವರ ಊರಿನ ಮನುಷ್ಯ ಎರಡೂವರೆ ಕೆಜಿ ಹಿಡಿದು ಹೊಗೆಸೊಪ್ಪಿನ ಹುಡುಗನ ಮುಂದೆ ನಿಲ್ಲುವುದೇ?

ನಿಲ್ಲುವುದಿಲ್ಲ. ನೇರವಾಗಿ ಬಾರ್‌ಬೆಲ್ ಇರುವ ಕಡೆ ನಡೆಯುತ್ತಾರೆ. ಆ ಉದ್ದ ಸರಳಿಗೆ, ಏನೂ ಸಿಕ್ಕಿಸದೆ ಖಾಲಿ ಇರುವಾಗಲೇ, 20 ಕೆಜಿ ತೂಕ. ಹುಡುಗ ಅದನ್ನು ಹೇಳುತ್ತಾನೆ. ಅವರಿಗೆ ಕೇಳಿಸುವುದಿಲ್ಲ, ಹಾಡು ಜೋರಾಗಿರುತ್ತದೆ. ಎರಡೂ ಕಡೆ ಹತ್ತು ಹತ್ತು ಕೆಜಿಯ ತಟ್ಟೆ ಬೀಳುತ್ತದೆ. ಎದೆಯವರೆಗೆ ಇಳಿದದ್ದು ಮೇಲಕ್ಕೆ ಹೋಗದೆ ನಿಂತಾಗ ಹುಡುಗ ಹಿಂದಿನಿಂದ ಬಂದು ಎರಡು ಬೆರಳಿನಲ್ಲಿ ಎತ್ತಿ ಗೂಟಕ್ಕೆ ಸಿಕ್ಕಿಸುತ್ತಾನೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಗರಡಿಮನೆ ಕಾಲದ್ದು. ಈಗಿನ ಜಿಮ್‌ಗಳಲ್ಲಿ ನೆಲಕ್ಕೆ ರಬ್ಬರ್ ಹಾಸಿರುವುದರಿಂದ ಮೀಸೆಯ ಬಗ್ಗೆ ಚಿಂತೆಯೇ ಇಲ್ಲ.

ಹೊಸದಾಗಿ ತೂಕ ಎತ್ತಿದವನ ಮೈ ಅದೇ ದಿನ ನೋಯುವುದಿಲ್ಲ. ನೋವು ಮಾರನೇ ದಿನ ಶುರುವಾಗಿ ಮೂರನೇ ದಿನದೊಳಗೆ ತುದಿ ಮುಟ್ಟುತ್ತದೆ. ಬೇರೆಯವರಿಗೆ ಇದು ಬರೀ ದೇಹದ ಸಂಗತಿ. ನಮಗೆ ಇದು ಪ್ರಕೃತಿ ಒಡ್ಡಿರುವ ಬಲೆ. ಆ ದಿನ ಸಂಜೆ ಕ್ಲಬ್ಬಿನಲ್ಲಿ ಕೂತು, ಗ್ಲಾಸು ಹಿಡಿದ ಕೈಯನ್ನು ಎರಡು ಸಲ ಮಡಚಿ ತೋರಿಸಿ, “ನಲವತ್ತು ಕೆಜಿ ಹಾಕಿದೆ, ಒಂದು ಚೂರು ನೋವಿಲ್ಲ ನೋಡು, ರಕ್ತದಲ್ಲೇ ಇದೆ” ಎಂದು ಇಡೀ ಬಳಗಕ್ಕೆ ಸಾರುವಷ್ಟು ಬಿಡುವನ್ನು ಅದು ಕೊಡುತ್ತದೆ. ಮೂರನೇ ಬೆಳಿಗ್ಗೆ ತಲೆ ಬಾಚಲು ಕೈ ಮೇಲಕ್ಕೆ ಹೋಗುವುದಿಲ್ಲ. ಮಡಿಕೇರಿಯಲ್ಲಿ ಮನೆ ಇರುವವರ ಗತಿ ಇನ್ನೂ ಕಷ್ಟ. ಆ ಊರಲ್ಲಿ ಮೆಟ್ಟಿಲಿಳಿಯದೆ ಹಾಲು ತರುವ ದಾರಿ ಯಾವುದಿದೆ?

ಇನ್ನೊಂದು ವಿಷಯವನ್ನು ಹುಡುಗ ಹೇಳಲು ಹೋಗುವುದಿಲ್ಲ. ಮೊದಲ ಕೆಲವು ವಾರ ಹೆಚ್ಚುವ ಶಕ್ತಿ ಮಾಂಸಖಂಡದ್ದಲ್ಲ, ನರಗಳದ್ದು. ಇರುವ ಸ್ನಾಯುವನ್ನೇ ಸರಿಯಾಗಿ ಕೆಲಸಕ್ಕೆ ಕರೆಯುವುದನ್ನು ಮಿದುಳು ಆಗ ಕಲಿಯುತ್ತಿರುತ್ತದೆ. ಆದ್ದರಿಂದ ಎರಡನೇ ವಾರವೇ ಅಂಗಿ ಬಿಚ್ಚಿ ಕನ್ನಡಿಯಲ್ಲಿ ಹುಡುಕುವುದು ವ್ಯರ್ಥ. ಪಳಗಬೇಕಾದದ್ದು ಮೊದಲು ತಲೆ. ಇದನ್ನು ಗಿರಾಕಿಯ ಮುಖಕ್ಕೆ ಹೇಳುವುದು ಹೇಗೆ? ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಡ, ಆ ವಿನಾಯಿತಿ 2029ರವರೆಗೆ ಇದೆ. ಹುಡುಗನಿಗೆ ಅಷ್ಟು ಸಾಮಾನ್ಯ ಜ್ಞಾನ ಉಂಟು.

ರಕ್ತದ ವಾದಕ್ಕೆ ಕೊನೆಯ ಸಾಕ್ಷಿಯಾಗಿ ಯಾರಾದರೂ ರೋಹನ್ ಬೋಪಣ್ಣನ ಹೆಸರು ತೆಗೆದೇ ತೆಗೆಯುತ್ತಾರೆ. ಸರಿ, ತೆಗೆಯೋಣ. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಪ್ರಶಸ್ತಿ ಎತ್ತಿದ ಆ ಮನುಷ್ಯನ ಮೊಣಕಾಲಿನಲ್ಲಿ ಮೃದ್ವಸ್ಥಿಯೇ ಸವೆದುಹೋಗಿತ್ತು. ಅಯ್ಯಂಗಾರ್ ಯೋಗ ಹಿಡಿದು, ಶಿಸ್ತಿನಿಂದ ಮಾಡಿ, ಕಾಲನ್ನು ಮತ್ತೆ ಅಂಗಳಕ್ಕೆ ತಂದದ್ದನ್ನು ಅವರೇ ಹಲವು ಸಲ ಹೇಳಿದ್ದಾರೆ. ನಲವತ್ತರ ಹೊತ್ತಿಗೆ ಅವರು ಹೊಸಬನಾಗಿ ಚಾಪೆ ಹಾಸಿದರು. ನಮ್ಮವರು ಆ ಕಥೆಯಲ್ಲಿ ಚಾಪೆಯನ್ನು ಬಿಟ್ಟು ಮನೆ ಹೆಸರನ್ನು ಮಾತ್ರ ಇಟ್ಟುಕೊಂಡಿದ್ದಾರೆ.

ಈಗ ತೂಕದ ವಿಷಯಕ್ಕೆ ಬರೋಣ, ಅಸಲಿ ತಮಾಷೆ ಇರುವುದು ಅಲ್ಲಿ.

ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ ಇದು. ಒಣಗಿಸಿದ ಚೆರಿಯ ಒಂದು ಮೂಟೆ 50 ಕೆಜಿ. ಕೊಯ್ಲಿನ ಕಾಲದಲ್ಲಿ ಹಣ್ಣು ಕಿತ್ತವರಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಸಂಜೆ ತೂಕ ಹಾಕಿ ರೈಟರ್ ಪುಸ್ತಕದಲ್ಲಿ ಬರೆಯುತ್ತಾರೆ: ಇವಳದು ಇಷ್ಟು ಕೆಜಿ, ಇವನದು ಇಷ್ಟು ಕೆಜಿ. ಅದೇ ಹೊತ್ತಿಗೆ ಪೇಟೆಯಲ್ಲಿ ಸಾವುಕಾರರ ಜಿಮ್ ಡೈರಿಯಲ್ಲೂ ಬರೆಯಲಾಗುತ್ತಿರುತ್ತದೆ: ಇವತ್ತು ಇಷ್ಟು ಕೆಜಿ, ಮೂರು ಸೆಟ್. ಎರಡು ಪುಸ್ತಕಗಳ ಅಕ್ಷರ ಒಂದೇ ಥರ. ಕಣದಲ್ಲಿ ಐವತ್ತು ಕೆಜಿ ಎತ್ತಿದವನಿಗೆ ಕೂಲಿ ಸಿಗುತ್ತದೆ, ಕನ್ನಡಿಯ ಮುಂದೆ ಎತ್ತಿದವನು ಕೂಲಿ ಕೊಡುತ್ತಾನೆ. ಮೊದಲನೆಯವನನ್ನು ಆಳು ಅನ್ನುತ್ತಾರೆ, ಎರಡನೆಯವನನ್ನು ಫಿಟ್ ಅನ್ನುತ್ತಾರೆ.

ಪಿಕಪ್ ವಾಹನಕ್ಕೆ ಮೂಟೆ ತುಂಬುವ ಹೊತ್ತು. ಒಬ್ಬ ಆಳು ಬಂದಿಲ್ಲ. ಅಸ್ಸಾಮಿನಿಂದ ಬಂದ ಹುಡುಗ ಮೂಟೆಯ ಒಂದು ತುದಿ ಹಿಡಿದು, ಇನ್ನೊಂದು ತುದಿಗೆ ಯಾರಾದರೂ ಬರಲಿ ಎಂದು ಸುತ್ತ ನೋಡುತ್ತಾನೆ. ಅಲ್ಲೇ ಜೀಪಿಗೆ ಒರಗಿ ನಿಂತ ಸಾವುಕಾರರು, ಡ್ರೈ ಫಿಟ್ ಟೀ ಶರ್ಟ್, ಕೈಗೆ ಗ್ಲೌಸ್, ಸೊಂಟಕ್ಕೆ ಅಗಲ ಬೆಲ್ಟ್. “ನನಗೆ ಬೆನ್ನು ಹಿಡಿದಿದೆ ಮಾರಾಯ, ನಿನ್ನೆ ಡೆಡ್‌ಲಿಫ್ಟ್ ಮಾಡಿದ್ದು. ನೀನೇ ಒಬ್ಬ ಎತ್ತಿ ಹಾಕು, ನನಗೆ ಲೇಟಾಯ್ತು.” ಯಾವುದಕ್ಕೆ ಲೇಟು ಎಂದು ಹುಡುಗ ಕೇಳುವುದಿಲ್ಲ. ಅವನಿಗೆ ಕನ್ನಡ ಅಷ್ಟು ಬರುವುದಿಲ್ಲ, ಬಂದಿದ್ದರೂ ಕೇಳುತ್ತಿರಲಿಲ್ಲ.

ಇಲ್ಲಿಗೆ ನಿಲ್ಲಿಸಿ, ‘ಮೂಟೆ ಹೊರುವುದೇ ನಿಜವಾದ ವ್ಯಾಯಾಮ, ಜಿಮ್ ಬರೀ ಶೋಕಿ’ ಎಂದು ಭಾಷಣ ಬಿಗಿದರೆ ಚಪ್ಪಾಳೆ ಗ್ಯಾರಂಟಿ. ಆ ಚಪ್ಪಾಳೆ ನನಗೆ ಬೇಡ. ಮೂಟೆ ಹೊತ್ತವರ ಮೈಯನ್ನು ಹತ್ತಿರದಿಂದ ನೋಡಿದವರು ಆ ಮಾತಾಡುವುದಿಲ್ಲ. ಒಂಟಿ ಬಿದಿರೇಣಿ ಹತ್ತಿ ಮೆಣಸು ಕುಯ್ದ ಪಂಜರಿ ಎರವನ ಮೊಣಕಾಲು, ಇಡೀ ದಿನ ಬಗ್ಗಿ ನಾಟಿ ನೆಟ್ಟ ಹೆಂಗಸಿನ ಸೊಂಟ, ನಡುವಯಸ್ಸು ದಾಟುವುದರೊಳಗೆ ಮುಗಿದಿರುತ್ತವೆ. ಜಿಮ್ ಎಂಬ ವಿದ್ಯೆಯ ಸಾರ ಮೂರೇ ಮಾತು: ಚಿಕ್ಕದರಿಂದ ಶುರು ಮಾಡು, ಸ್ವಲ್ಪ ಸ್ವಲ್ಪ ಏರಿಸು, ನಡುವೆ ವಿಶ್ರಾಂತಿ ತಗೋ. ಈ ಮೂರರಲ್ಲಿ ಒಂದೂ ಲೈನ್‌ಮನೆಯವರಿಗೆ ಸಿಗುವುದಿಲ್ಲ. ಮೂರರಲ್ಲಿ ಒಂದೂ ಸಾವುಕಾರರಿಗೆ ಬೇಡ.

2022ರ ಲೆಕ್ಕದಂತೆ ಭಾರತದ ವಯಸ್ಕರಲ್ಲಿ ಶೇ 49.4ರಷ್ಟು ಜನ ಬೇಕಾದಷ್ಟು ಮೈ ಅಲುಗಿಸುವುದಿಲ್ಲ ಎಂದು 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆ ಪ್ರಕಟಿಸಿತು. ದೇಶದಲ್ಲಿ ಅರ್ಧ ಜನ ಬಗ್ಗುವುದಿಲ್ಲ, ಉಳಿದವರಲ್ಲಿ ಬಹಳ ಮಂದಿಗೆ ಬಗ್ಗಿದ ಬೆನ್ನು ನೆಟ್ಟಗಾಗುವುದಿಲ್ಲ. ಒಂದೇ ತೋಟದಲ್ಲಿ ಎರಡೂ ಗುಂಪು ಸಿಗುವುದು ನಮ್ಮ ಜಿಲ್ಲೆಯ ವಿಶೇಷ. ಸಮೀಕ್ಷೆ ಮಾಡುವವರು ಎಲ್ಲೂ ಅಲೆಯಬೇಕಾಗಿಲ್ಲ.

ಜಿಮ್ಮಿನ ಗೋಡೆಯ ಪೋಸ್ಟರಿನಲ್ಲಿ ಮಾತ್ರ ಈ ಎರಡು ಗುಂಪಿನವರೂ ಇಲ್ಲ, ಎಣ್ಣೆ ಹಚ್ಚಿಕೊಂಡ ಯಾರೋ ವಿದೇಶಿ ಇದ್ದಾನೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಕಸರತ್ತು ಹೇಳಿಕೊಟ್ಟು, ಬಿಡುವಿನಲ್ಲಿ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ ಅವರ ಒಂದು ಚಿತ್ರ ಹಾಕಬಾರದೇ? ಬಾರ್‌ಬೆಲ್ಲನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಪಾಠದಲ್ಲಿ ಸೇರಿಸಿದ ಮನುಷ್ಯ ಅವರು. ಈಗ ಅದೇ ಎರಡನ್ನು ಬಿಡಿಸಿ, ಎರಡು ಪ್ಯಾಕೇಜ್ ಮಾಡಿ, ಎರಡು ರಸೀದಿ ಹರಿಯುತ್ತಾರೆ.

ಊಟದ ಚೀಟಿಯ ಕಥೆ ಬೇರೆ. ಹುಡುಗ ಕೊಡುವ ಚೀಟಿಯಲ್ಲಿ ಓಟ್ಸ್, ಮೊಟ್ಟೆಯ ಬಿಳಿಭಾಗ, ಬೇಯಿಸಿದ ಕೋಳಿಯ ಎದೆಮಾಂಸ, ಬ್ರೊಕೊಲಿ. ಕೊಡಗಿನ ಅಡುಗೆಮನೆಯಲ್ಲಿ ಈ ಚೀಟಿಯನ್ನು ಓದಿ ಹೇಳಿದರೆ ಯಾರಿಗೋ ಜ್ವರ ಬಂದಿದೆ ಎಂದುಕೊಳ್ಳುತ್ತಾರೆ.

“ಪಂದಿಕರಿಯಲ್ಲಿ ಪ್ರೋಟೀನ್ ಇಲ್ವೇನಪ್ಪಾ?”

“ಇದೆ ಸರ್. ಆದರೆ ಅದರ ಜೊತೆಗೆ...”

“ಜೊತೆಗೆ ಏನಿದೆ ಅಂತ ನನಗೆ ಗೊತ್ತು. ನೀನು ಪ್ರೋಟೀನ್ ಬಗ್ಗೆ ಮಾತ್ರ ಮಾತಾಡು.”

ಅಲ್ಲಿಗೆ ಆಹಾರತಜ್ಞರ ಸಮಾಲೋಚನೆ ಮುಕ್ತಾಯ. ಚೀಟಿ ತಿದ್ದುಪಡಿಯಾಗುತ್ತದೆ: ಕಡಂಬುಟ್ಟು ಎಂಟರ ಬದಲು ಆರು. ಮೇಲಿಂದ ಐದು ಕಿಲೋ ಪ್ರೋಟೀನ್ ಪುಡಿಯ ಡಬ್ಬ. ಮೈ ಕಟ್ಟಲೆಂದು ಪ್ರೋಟೀನ್ ಪುಡಿ ತಿನ್ನಬೇಡಿ ಎಂದು ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲೇ ಹೇಳಿವೆ. ಸಾಮಾನ್ಯ ಮನುಷ್ಯನಿಗೆ ದಿನಕ್ಕೆ ಮೈತೂಕದ ಕೆಜಿಗೆ 0.83 ಗ್ರಾಂ ಪ್ರೋಟೀನ್ ಸಾಕೆಂಬುದು ಅವುಗಳದೇ ಲೆಕ್ಕ. ಎಪ್ಪತ್ತು ಕೆಜಿಯವನಿಗೆ ಅರವತ್ತು ಗ್ರಾಮೂ ಬೇಡ. ಕೈಲ್‌ಪೊಳ್ದ್ ಹಬ್ಬದ ದಿನ ನಮ್ಮವರು ಅದನ್ನು ಊಟಕ್ಕೆ ಕೂರುವ ಮುಂಚೆ, ಉಪ್ಪು ನೋಡುವ ನೆಪದಲ್ಲೇ, ಪೂರೈಸುತ್ತಾರೆ.

ಡಬ್ಬದ ಪಕ್ಕದಲ್ಲಿ ಇನ್ನೊಂದು ಸೀಸೆ, ಕೊಬ್ಬು ಕರಗಿಸುವ ಮಾತ್ರೆ. ಲೇಬಲ್ಲಿನಲ್ಲಿ ‘ಗಾರ್ಸೀನಿಯಾ ಕ್ಯಾಂಬೋಜಿಯಾ’. ಹೆಸರು ಕೇಳಿದರೆ ದಕ್ಷಿಣ ಅಮೆರಿಕದ ಯಾವುದೋ ಕಾಡಿನಿಂದ ಬಂದಿರಬೇಕು ಅನ್ನಿಸುತ್ತದೆ. ಸ್ವಾಮಿ, ಅದು ನಮ್ಮ ಕಾಚಂಪುಳಿಯ ಹಣ್ಣು. ಮಳೆಗಾಲದಲ್ಲಿ ಹಣ್ಣು ಆರಿಸಿ, ರಸ ಇಳಿಸಿ, ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿ, ಪಂದಿಕರಿಗೆ ಹಾಕುವ ಅದೇ ಹುಳಿ. ಅದರಲ್ಲಿರುವ ಆಮ್ಲ ತೂಕ ಇಳಿಸುತ್ತದೆಯೇ ಎಂದು ಅಮೆರಿಕದಲ್ಲಿ 135 ಜನರ ಮೇಲೆ ಹನ್ನೆರಡು ವಾರ ಪರೀಕ್ಷೆ ಮಾಡಿ 1998ರಲ್ಲಿ ಅಲ್ಲಿನ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಎರಡು ಗುಂಪಿಗೂ ಒಂದೇ ಪಥ್ಯ. ಹುಳಿಯ ಮಾತ್ರೆ ತಿಂದವರು ಸರಾಸರಿ 3.2 ಕೆಜಿ ಇಳಿದರು. ಏನೂ ಇಲ್ಲದ ಸುಳ್ಳು ಮಾತ್ರೆ ತಿಂದವರು 4.1 ಕೆಜಿ ಇಳಿದರು. ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂದು ಸಂಶೋಧಕರೇ ಹೇಳಿದ್ದಾರೆ. ಮಾತ್ರೆಯನ್ನಂತೂ ಹಿಡಿಯುವಂತಿಲ್ಲ ಎಂಬುದು ಸ್ಪಷ್ಟ. ನಮ್ಮಲ್ಲಿ ಇದಕ್ಕೆ ಇನ್ನೂ ದೊಡ್ಡ ಪುರಾವೆ ಉಂಟು. ಕಾಚಂಪುಳಿ ಕೊಬ್ಬು ಕರಗಿಸುವುದಾಗಿದ್ದರೆ ಕೊಡಗಿನಲ್ಲಿ ಇಷ್ಟೊತ್ತಿಗೆ ಯಾರಿಗೂ ಹೊಟ್ಟೆಯೇ ಇರುತ್ತಿರಲಿಲ್ಲ. ಆದರೂ ಹಿತ್ತಲಿನ ಅಟ್ಟದಲ್ಲಿ ಸೀಸೆಗಟ್ಟಲೆ ಇಟ್ಟುಕೊಂಡವರು ಅದನ್ನೇ ಮಾತ್ರೆಯಲ್ಲಿ, ಕೊರಿಯರಿನಲ್ಲಿ, ಹತ್ತು ಪಟ್ಟು ಕೊಟ್ಟು ತರಿಸುತ್ತಾರೆ. ಪಂದಿಕರಿ ಉಂಡು, ಕರಗಲೆಂದು ಮೇಲಿಂದ ಪಂದಿಕರಿಯ ಹುಳಿಯನ್ನೇ ನುಂಗುತ್ತಾರೆ.

ಇಷ್ಟಾದರೂ ದಿನಾ ಹೋದರೆ ಏನಾದರೂ ಆದೀತು. ಹೋಗಬೇಕಲ್ಲ.

ಜನವರಿ ಒಂದರ ಸಂಕಲ್ಪ ಪಟ್ಟಣದವರಿಗೆ ಸರಿ. ನಮಗೆ ಜನವರಿ ಅಂದರೆ ರೊಬಸ್ಟಾ ಕೊಯ್ಲು. ಬೆಳಿಗ್ಗೆ ಆರಕ್ಕೆ ಟ್ರೆಡ್‌ಮಿಲ್ ಮೇಲೆ ಇರಬೇಕಾದವರು ಆಳುಗಳನ್ನು ಕರೆತರಲು ಜೀಪಿನಲ್ಲಿರುತ್ತಾರೆ. ಕೊಯ್ಲು ಮುಗಿಯಿತು ಅನ್ನುವಾಗ ಹೂಮಳೆ ಕೈಕೊಟ್ಟಿರುತ್ತದೆ, ಸ್ಪ್ರಿಂಕ್ಲರ್ ಹಾಕಿಸಬೇಕು. ಬೇರೆಯವರು ಪೈಪು ಎಳೆಯುವುದನ್ನು ನಿಂತು ನೋಡುವುದು ಸಾಮಾನ್ಯ ಆಯಾಸವಲ್ಲ. ಹೂಮಳೆ ಬಂತೋ, ತೋಟ ಬೆಳ್ಳಗಾಗುತ್ತದೆ, ಬೆಂಗಳೂರಿನ ನೆಂಟರು ಬರುತ್ತಾರೆ, ಅವರನ್ನು ತಡಿಯಂಡಮೋಳಿಗೆ ಕರೆದೊಯ್ಯಬೇಕು. ಜಿಲ್ಲೆಯ ಅತಿ ಎತ್ತರದ ಶಿಖರ, 1,748 ಮೀಟರ್. ನೆಂಟರು ಹತ್ತುತ್ತಾರೆ, ನಾವು ಕೆಳಗೆ ಕಾರಿನಲ್ಲಿ ಕಾಯುತ್ತೇವೆ. ಏಪ್ರಿಲ್, ಮೇ ಪೂರ್ತಿ ಮದುವೆ. ಕೊಡವ ಸಮಾಜದಲ್ಲಿ ಒಂದು, ಗೌಡ ಸಮಾಜದಲ್ಲಿ ಒಂದು. ಉಣ್ಣದೆ ಎದ್ದರೆ ಸಂಬಂಧ ಕೆಡುತ್ತದೆ, ಗ್ಲಾಸು ಮುಟ್ಟದೆ ಎದ್ದರೆ ಊರಲ್ಲಿ ಸುದ್ದಿಯಾಗುತ್ತದೆ. ಜೂನಿನಲ್ಲಿ ಮುಂಗಾರು. ಎಲ್ಲೋ ತಂತಿಯ ಮೇಲೆ ಮರ ಬೀಳುತ್ತದೆ, ಕರೆಂಟು ಹೋಗುತ್ತದೆ, ಟ್ರೆಡ್‌ಮಿಲ್ ಮೇಲಿದ್ದವರು ಇದ್ದಲ್ಲೇ ನಿಲ್ಲುತ್ತಾರೆ. ಗ್ಲೌಸಿಗೆ ಬೂಷ್ಟು, ಡಂಬೆಲ್ಲಿಗೆ ತುಕ್ಕು, ಶೂ ಒಳಗೆ ಏನೋ ಚಿಗುರಿರುತ್ತದೆ. ಆಗಸ್ಟ್ 3ರಂದು ಕಕ್ಕಡ ಹದಿನೆಂಟು. ಅಂದು ಮದ್ದುಸೊಪ್ಪಿಗೆ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆಂಬ ನಂಬಿಕೆ. ಹದಿನೆಂಟು ಔಷಧಿ ಒಂದೇ ದಿನ ಪಾಯಸದಲ್ಲಿ ಒಳಗೆ ಹೋದ ಮೇಲೆ ಮೈಗೆ ವಿಶ್ರಾಂತಿ ಬೇಡವೇ? ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್. ಆಯುಧಗಳಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು, ಆಮೇಲೆ ಊಟ. ಅಕ್ಟೋಬರಿನಲ್ಲಿ ತಲಕಾವೇರಿಯ ತೀರ್ಥೋದ್ಭವ, ಮಡಿಕೇರಿ ದಸರಾದ ಮಂಟಪಗಳನ್ನು ನೋಡುತ್ತ ರಾತ್ರಿಯಿಡೀ ಜಾಗರಣೆ. ನವೆಂಬರಿಗೆ ಅರೇಬಿಕಾ ಹಣ್ಣಾಗುತ್ತದೆ, ಹಿಂದೆಯೇ ಪುತ್ತರಿ. ಅಷ್ಟರಲ್ಲಿ ಕ್ಯಾಲೆಂಡರ್ ಮುಗಿದು ಹೊಸ ಸಂಕಲ್ಪಕ್ಕೆ ಜನವರಿ ಬಂದು ನಿಂತಿರುತ್ತದೆ.

ಜಿಮ್ಮಿನವರಿಗೆ ಇದೆಲ್ಲ ಬಾಯಿಪಾಠ. ಅದಕ್ಕೇ ತಿಂಗಳ ಹಣಕ್ಕಿಂತ ವರ್ಷದ ಹಣದ ಮೇಲೆ ಅವರಿಗೆ ಪ್ರೀತಿ ಜಾಸ್ತಿ. ‘ವರ್ಷಕ್ಕೆ ಕಟ್ಟಿದರೆ ಅರ್ಧಕ್ಕರ್ಧ ಉಳಿತಾಯ’ ಎಂಬ ಬೋರ್ಡು ನೋಡಿದ ಕೂಡಲೇ ಗಿರಾಕಿಯ ಕೈ ಜೇಬಿಗೆ ಹೋಗುತ್ತದೆ. ಇದು ನಮ್ಮೊಬ್ಬರ ರೋಗವಲ್ಲ. ಅಮೆರಿಕದ ಮೂರು ಜಿಮ್‌ಗಳ 7,752 ಸದಸ್ಯರ ಹಾಜರಿಯನ್ನು ಮೂರು ವರ್ಷ ಲೆಕ್ಕ ಹಾಕಿ ಇಬ್ಬರು ಅರ್ಥಶಾಸ್ತ್ರಜ್ಞರು 2006ರಲ್ಲಿ ಬರೆದರು. ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟುವವರು ಸರಾಸರಿ 4.3 ಸಲ ಮಾತ್ರ ಹೋಗುತ್ತಿದ್ದರಂತೆ. ಬಿಡಿಯಾಗಿ ಕೊಟ್ಟಿದ್ದರೆ ಒಂದು ಸಲಕ್ಕೆ 10 ಡಾಲರ್ ಸಾಕಿತ್ತು. ಇವರಿಗೆ ಬಿದ್ದದ್ದು 17. ನಾಳೆಯ ತಾನು ಇವತ್ತಿನ ತನಗಿಂತ ಶ್ರದ್ಧಾವಂತ ಎಂದು ಮನುಷ್ಯ ನಂಬಿದ್ದಾನೆ, ಆ ನಂಬಿಕೆಗೆ ಏಳು ಡಾಲರ್ ತೆರಿಗೆ. ಅಮೆರಿಕದವನು ನಾಳೆಯ ತನ್ನ ಮೇಲೆ ಮಾತ್ರ ಭರವಸೆ ಇಡುತ್ತಾನೆ. ನಾವು ನಿನ್ನೆಯ ಮುತ್ತಜ್ಜನ ಮೇಲೂ ಇಟ್ಟಿರುವುದರಿಂದ ನಷ್ಟ ಎರಡು ಕಡೆಯಿಂದ.

ಮೈ ಬಗ್ಗುತ್ತಿದ್ದ ಕಾಲದಲ್ಲಿ ಅದಕ್ಕೆಂದು ಬೇರೆ ಗಂಟೆ ಇರಲಿಲ್ಲ. ದೊಡ್ಡ ಗದ್ದೆಯ ನಾಟಿ ಮುಗಿದ ಮೇಲೆ ಅದೇ ಕೆಸರಿನಲ್ಲಿ ನಾಟಿ ಓಟ, ಗೆದ್ದವನಿಗೆ ಬಾಳೆಗೊನೆ. ಈಗ ಗದ್ದೆ ಪಾಳು ಬಿದ್ದಿದೆ ಅಥವಾ ಅದರ ಮೇಲೆ ಹೋಂಸ್ಟೇ ಎದ್ದಿದೆ. ಓಟ ಮಾತ್ರ ಉಳಿದಿದೆ. ಮಡಿಕೇರಿ ಹತ್ತಿರದ ಕಗ್ಗೋಡ್ಲುವಿನಲ್ಲಿ ಮಳೆಗಾಲದ ಕೆಸರುಗದ್ದೆ ಕ್ರೀಡಾಕೂಟಕ್ಕೆ ಜನ ಕಿಕ್ಕಿರಿಯುತ್ತಾರೆ. ನಾಟಿಗೆ ಕರೆದರೆ ಕೆಸರು ಅಲರ್ಜಿ ಎನ್ನುವವರು ಅಲ್ಲಿ ಟೀ ಶರ್ಟಿಗೆ ನಂಬರು ಅಂಟಿಸಿಕೊಂಡು ಕೆಸರಿಗೆ ಬೀಳುತ್ತಾರೆ, ಬಿದ್ದದ್ದನ್ನು ಫೋಟೊ ಹೊಡೆಸಿಕೊಳ್ಳುತ್ತಾರೆ. ತಪ್ಪೇನಿಲ್ಲ. ಕೆಸರಿಗಿಳಿಯುವ ಮುಂಚೆ ಮುಖ್ಯ ಅತಿಥಿಗಳ ಭಾಷಣ ಕೇಳುವುದೇ ಒಂದು ಸಹನಶಕ್ತಿಯ ವ್ಯಾಯಾಮ.

ಕುಶಾಲನಗರದಿಂದ ಕುಟ್ಟದವರೆಗೆ ಹೊಸಬನಾಗಲು ಒಪ್ಪುವ ಗಂಡಸು ಇಲ್ಲ ಎಂದೆ. ಹೆಂಗಸರ ವಿಷಯ ಹಾಗಲ್ಲ. ಬೆಳಿಗ್ಗೆ ಹನ್ನೊಂದರ ಲೇಡೀಸ್ ಬ್ಯಾಚಿಗೆ, ಮಕ್ಕಳನ್ನು ಶಾಲೆಗೆ ಕಳಿಸಿ, ಆಳುಗಳಿಗೆ ಕೆಲಸ ಹೇಳಿ, ಚೂಡಿದಾರಿನಲ್ಲೇ ಬರುವವರುಂಟು. ಹುಡುಗ ಅವರ ಕೈಗೆ ಒಂದು ಕೆಜಿಯ ಗುಲಾಬಿ ಡಂಬೆಲ್ ಕೊಟ್ಟು, “ಭಾರ ಆದರೆ ಇಳಿಸಿಬಿಡಿ ಅಕ್ಕ” ಎನ್ನುತ್ತಾನೆ. ಆ ಅಕ್ಕ ಬೆಳಿಗ್ಗೆಯಷ್ಟೇ ಗ್ಯಾಸ್ ಸಿಲಿಂಡರ್ ಬದಲಾಯಿಸಿ ಬಂದಿರುತ್ತಾಳೆ. ಒಳಗಿನ ಅನಿಲವೇ 14.2 ಕೆಜಿ, ಕಬ್ಬಿಣದ ತೂಕ ಮತ್ತೆ ಹೆಚ್ಚುಕಡಿಮೆ ಅಷ್ಟೇ. ಮದುವೆಯ ದಿನ ಗಂಗೆಪೂಜೆ ಮುಗಿಸಿ ನೀರಿನ ಬಿಂದಿಗೆ ತಲೆ ಮೇಲಿಟ್ಟು ನಿಂತಾಗ ಗಂಡಿನ ಕಡೆಯವರು ದಾರಿಗೆ ಅಡ್ಡ ನಿಂತು ವಾಲಗಕ್ಕೆ ಕುಣಿದೇ ಕುಣಿದಿದ್ದರು, ಗಂಟೆಗಟ್ಟಲೆ. ಕುತ್ತಿಗೆ ಅಲುಗದೆ ನಿಂತಿದ್ದಳು. ಆ ದಿನ ಯಾರೂ ಅದನ್ನು ಸೆಟ್ ಎಂದು ಎಣಿಸಲಿಲ್ಲ. ಅರ್ಜಿಯ ‘ಹಿಂದಿನ ಅನುಭವ’ ಕಾಲಮ್ಮಿನಲ್ಲಿ ಅವಳು ‘ಇಲ್ಲ’ ಎಂದು ಬರೆದಿದ್ದಾಳೆ. ಮುತ್ತಜ್ಜನ ಹುಲಿ, ದೊಡ್ಡಪ್ಪನ ಪದಕ ಅವಳ ವಂಶದ್ದೂ ಹೌದು. ಆದರೆ ಅದು ನಿನ್ನ ರಕ್ತದಲ್ಲೂ ಇದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹಾಗಾಗಿ ಹುಡುಗ ಹೇಳಿದ್ದನ್ನು ಕೇಳಿದಳು. ಒಂದು ಕೆಜಿ ಎರಡಾಯಿತು, ಎರಡು ನಾಲ್ಕಾಯಿತು, ಕಕ್ಕಡದ ಮಳೆಯಲ್ಲೂ ಕೊಡೆ ಹಿಡಿದು ಬಂದಳು.

ಕೌಟುಂಬಿಕ ಹಾಕಿಯ ದಿನಾಂಕ ಗೊತ್ತಾದದ್ದೇ ಜಿಮ್‌ಗಳಿಗೆ ಗಂಡಸರ ನಿಜವಾದ ಹಬ್ಬ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಇದನ್ನು ಶುರು ಮಾಡಿದಾಗ ಅರವತ್ತು ಕುಟುಂಬಗಳ ತಂಡ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್ಪಿಗೆ 360 ತಂಡ, ಆಗ ಅದು ಗಿನ್ನೆಸ್ ದಾಖಲೆ. ಒಂದು ಒಕ್ಕದ, ಅಂದರೆ ಮನೆತನದ, ಮಾನ ಇಡೀ ಜಿಲ್ಲೆಯ ಮುಂದೆ ಮೈದಾನದಲ್ಲಿರುವಾಗ ಮೂರು ವಾರದಲ್ಲಿ ಹದಿನೈದು ವರ್ಷದ ಹೊಟ್ಟೆ ಇಳಿಸಿಕೊಡು ಎಂದು ಹುಡುಗನಿಗೆ ದುಂಬಾಲು ಬೀಳುತ್ತಾರೆ. ಇಳಿಯುವುದು ಹೊಟ್ಟೆಯಲ್ಲ, ತೊಡೆಯ ಹಿಂಭಾಗದ ಸ್ನಾಯು ಎಳೆದು ಮನುಷ್ಯನೇ ಒಂದು ಕಡೆ ಇಳಿದುಬಿಡುತ್ತಾನೆ.

ಈ ಸಲ ಒಂದು ಒಕ್ಕದ ವಾಟ್ಸಪ್ ಗುಂಪಿನಲ್ಲಿ ತಂಡದ ಪಟ್ಟಿ ಬಂತು. ವರ್ಷದ ಹಣ ಕಟ್ಟಿದ ನಾಲ್ವರೂ ಮೀಸಲು ಆಟಗಾರರ ಸಾಲಿನಲ್ಲಿ. ಲೆಫ್ಟ್ ಬ್ಯಾಕಿಗೆ ಹನ್ನೊಂದರ ಬ್ಯಾಚಿನ ಅಕ್ಕ. ಇದೇನು ಅನ್ಯಾಯ, ನಾನು ಅರವತ್ತು ಕೆಜಿ ಸ್ಕ್ವಾಟ್ ಹೊಡೆಯುತ್ತೇನೆ ಎಂದು ಒಬ್ಬರು ಗುಂಪಿನಲ್ಲೇ ದೊಡ್ಡ ದನಿಯ ಆಡಿಯೋ ಹಾಕಿದರು. ಪಂದ್ಯದ ದಿನ ಪೂರ್ತಿ ಸಜ್ಜಾಗಿ, ಸೊಂಟಕ್ಕೆ ಆ ಅಗಲದ ಬೆಲ್ಟ್ ಬಿಗಿದು, ಗೆರೆಯ ಪಕ್ಕ ಓಡಾಡುತ್ತಿದ್ದರು. ತಂಡ ನೋಡಿಕೊಳ್ಳುತ್ತಿದ್ದ ಮಾವ ಹತ್ತಿರ ಕರೆದರು. ಇವರ ಮುಖ ಅರಳಿತು.

“ಬಾ ಬಾ. ಆ ಬೆಲ್ಟ್ ಗಟ್ಟಿ ಇದೆಯಾ?”

“ಫಸ್ಟ್ ಕ್ಲಾಸ್ ಲೆದರ್ ಮಾವ.”

“ಬಿಚ್ಚಿ ಕೊಡು. ಗೋಲಿನ ಬಲೆ ಒಂದು ಕಡೆ ಕಿತ್ತುಹೋಗಿದೆ, ಕಟ್ಟೋಕೆ ಏನೂ ಸಿಗ್ತಾ ಇಲ್ಲ.”